ಶಿರೋವ್ಯತ್ಯಯ ಮೀಮಾಂಸೆ

ನ್ಯಾಯಾಲಯದ ಎದುರು ಯಾರ ತಲೆ ಯಾರ ಕೈಯಲ್ಲಿರಬೇಕು ಎಂಬ ಬಗ್ಗೆ ಪೂರ್ವಸೂರಿಗಳು ಏನನ್ನೂ ಹೇಳಿ ಹೋಗಿಲ್ಲ. ಬೇರೆ ಯಾರೂ ಇದಕ್ಕೆ ಕೈ ಹಾಕಿಲ್ಲವಾದ್ದರಿಂದ ಪ್ರಸ್ತುತ ಪ್ರಬಂಧಕಾರನ ಮತವನ್ನೇ ಸದ್ಯಕ್ಕೆ ಸಿದ್ಧಾಂತವೆಂದು ತಿಳಿಯತಕ್ಕದ್ದು.

ಮೊದಲು ವಸ್ತುನಿರ್ದೇಶ. 2020ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಸೆಂಟರ್ ಸ್ಟ್ರೀಟಿನ ಕ್ರಿಮಿನಲ್ ಕೋರ್ಟಿಗೆ ಎದುರಾಗಿ, ಕಲೆಕ್ಟ್ ಪಾಂಡ್ ಪಾರ್ಕಿನಲ್ಲಿ ಏಳಡಿಯ ಕಂಚಿನ ಹೆಣ್ಣೊಬ್ಬಳು ಬಂದು ನಿಂತಳು. ತಲೆ ತುಂಬ ಹಾವು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗಂಡಸಿನ ರುಂಡ. ಇವಳು ಮೆಡೂಸಾ, ರುಂಡ ಪರ್ಸಿಯಸ್‌ನದು. ಶಿಲ್ಪಿ ಲೂಚಾನೊ ಗಾರ್ಬಾತಿ, ರಚನಾಕಾಲ 2008. ಹತ್ತು ವರ್ಷ ಯಾರೂ ತಿರುಗಿ ನೋಡದಿದ್ದ ಕೃತಿ 2018ರಲ್ಲಿ, ಮೀಟೂ ಕಾಲದಲ್ಲಿ, ಫೋಟೋ ರೂಪದಲ್ಲಿ ಊರೂರು ಸುತ್ತಿತು. ಕೋರ್ಟಿನ ಮುಂದೆ ನಿಲ್ಲುವ ಅರ್ಹತೆ ಅದಕ್ಕೆ ಬಂದದ್ದು ಹಾಗೆ.

ಗ್ರೀಕರ ಮೂಲಪಾಠದಲ್ಲಿ ಮೆಡೂಸಾಳ ತಲೆ ಕಡಿಯುವವನು ಪರ್ಸಿಯಸ್. ಫ್ಲಾರೆನ್ಸಿನ ಚೌಕದಲ್ಲಿ 1554ರಿಂದ ಚೆಲ್ಲೀನಿಯ ಕಂಚಿನ ಪರ್ಸಿಯಸ್ ಅದನ್ನೇ ಎತ್ತಿ ತೋರಿಸುತ್ತ ನಿಂತಿದ್ದಾನೆ. (ಎರಕದ ದಿನ ಲೋಹ ಹೆಪ್ಪುಗಟ್ಟತೊಡಗಿದಾಗ ಚೆಲ್ಲೀನಿ ಮನೆಯ ತಟ್ಟೆ ಬಟ್ಟಲನ್ನೆಲ್ಲ ಕುಲುಮೆಗೆ ಎಸೆದನಂತೆ. ಹೀಗೆಂದವನು ಚೆಲ್ಲೀನಿಯೇ. ತನ್ನ ಕೈಯಿಂದಾದ ಕೊಲೆಗಳನ್ನೂ ಅವನು ಆತ್ಮಕಥೆಯಲ್ಲಿ ಬಿಡದೆ ಬರೆದುಕೊಂಡಿದ್ದಾನೆ. ಕೋರ್ಟಿಗೂ ಈ ವಿಗ್ರಹವಂಶಕ್ಕೂ ಇರುವ ನಂಟು ಹಳೆಯದು.) ಗಾರ್ಬಾತಿ ಒಪ್ಪಿಸಿದ್ದು ಪಾಠಾಂತರ: ಕರ್ತೃವಿನ ಜಾಗದಲ್ಲಿ ಕರ್ಮ, ಕರ್ಮದ ಜಾಗದಲ್ಲಿ ಕರ್ತೃ. ವಿಭಕ್ತಿ ತಪ್ಪಿದರೆ ತಲೆ ಹೋಗುತ್ತದೆಂದು ಕನ್ನಡ ಮೇಷ್ಟರುಗಳು ಹೆದರಿಸುತ್ತಿದ್ದುದು ಸುಳ್ಳಲ್ಲ.

ಇನ್ನು ಶಿಲಾತ್ವ ಸಮಸ್ಯೆ. ಮೆಡೂಸಾಳನ್ನು ಕಂಡವರು ಕಲ್ಲಾಗುತ್ತಾರೆ. ಅವಳೆದುರಿನ ಕೋರ್ಟು ಕಟ್ಟಡ ನಖಶಿಖಾಂತ ಕಲ್ಲು. ಆದ್ದರಿಂದ ಅವಳು ನೋಡಿಯೇ ಅದು ಕಲ್ಲಾಯಿತು ಎಂದು ಅನುಮಾನಪ್ರಮಾಣದಿಂದ ಸಾಧಿಸಬಹುದಿತ್ತು. ದುರ್ದೈವವಶಾತ್ ಕಟ್ಟಡ 1941ರದು. ಕಾರ್ಯವು ಕಾರಣಕ್ಕಿಂತ 79 ವರ್ಷ ಮೊದಲೇ ಆಗಿಹೋಗಿದೆ. ಫ್ಲಾರೆನ್ಸಿನಲ್ಲೂ ಇದೇ ತೊಡಕು: ಅಲ್ಲಿ ಮೆಡೂಸಾಳ ರುಂಡ ಏರಿದಾಗ ಚೌಕದಲ್ಲಿದ್ದ ಮೈಕೆಲ್‌ಏಂಜೆಲೊನ ಡೇವಿಡ್ 1504ರಿಂದಲೇ ಅಮೃತಶಿಲೆ. ಅಂತರ 50 ವರ್ಷವಿದ್ದುದು 79ಕ್ಕೆ ಬೆಳೆದಿದೆ. ಎರಡೇ ನಿದರ್ಶನಗಳಿಂದ ನಿಯಮ ಕಟ್ಟಬಾರದೆಂಬುದನ್ನು ಬಲ್ಲೆವು, ಕಟ್ಟಿಯೂ ಇದ್ದೇವೆ. ನ್ಯಾಯಸ್ಥಾನಗಳು ಕಲ್ಲಾಗಲು ಮೆಡೂಸಾಳಿಗಾಗಿ ಕಾಯುವುದಿಲ್ಲ.

ಕಾಕತಾಲೀಯದ ಮಾತನ್ನೂ ಇಲ್ಲೇ ಮುಗಿಸುವುದು ಲೇಸು. ಇದೇ ಕೋರ್ಟಿನಲ್ಲಿ 2020ರ ಫೆಬ್ರುವರಿಯಲ್ಲಿ ಸಿನಿಮಾ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಯಿತು. 2021ರ ವಸಂತದಲ್ಲಿ ಅವಧಿ ಮುಗಿದು ಮೂರ್ತಿ ಹೊರಟಿತು, 2024ರಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಮೂರ್ತಿ ಎದ್ದುಹೋದದ್ದರಿಂದಲೇ ತೀರ್ಪು ಬಿತ್ತೆಂಬ ಪ್ರಮೇಯ ನಮ್ಮಲ್ಲಿ ಸಿದ್ಧವಾಗಿತ್ತು. 2025ರ ಮರುವಿಚಾರಣೆಯಲ್ಲಿ ಮೂರ್ತಿಯ ನೆರವಿಲ್ಲದೆಯೇ ಒಂದು ಆರೋಪ ಮತ್ತೆ ಸಾಬೀತಾಗಿ, ಅಧ್ಯಾಯವೊಂದು ವ್ಯರ್ಥವಾಯಿತು.

ಪೂರ್ವಪಕ್ಷಿಗಳ ಆಕ್ಷೇಪಗಳಲ್ಲಿ ಒಂದು, ಹೆಂಗಸಿನ ಸೇಡನ್ನು ಗಂಡಸು ಕೆತ್ತಿದ್ದೇಕೆ ಎಂಬುದು. ಇನ್ನೊಂದು, ತಲೆಯಲ್ಲಿ ಕೂದಲ ಬದಲು ಹಾವು ಬೆಳೆದವಳಿಗೆ ಮೈಯಲ್ಲೆಲ್ಲೂ ಹಾವೂ ಇಲ್ಲ ಕೂದಲೂ ಇಲ್ಲ, ಫ್ಯಾಷನ್ ಪತ್ರಿಕೆಯಿಂದ ನೇರ ಇಳಿದು ಬಂದಂತಿದ್ದಾಳೆ ಎಂಬುದು. ಇವೆರಡಕ್ಕೂ ಪ್ರಬಂಧಕಾರನ ಉತ್ತರ ಮೌನ. ಅದನ್ನು ಪಾಂಡಿತ್ಯವೆಂದು ಭಾವಿಸಬೇಕಾಗಿ ವಿನಂತಿ.

ಮೂರನೆಯದರಲ್ಲಿ ಮಾತ್ರ ಹುರುಳಿದೆ. ರೋಮನ್ ಕವಿ ಓವಿಡ್ ಹೇಳುವ ಪ್ರಕಾರ ಮೆಡೂಸಾಳನ್ನು ಕೆಡಿಸಿದವನು ಕಡಲ ದೇವರು ಪೊಸೈಡನ್, ಅದೂ ಅಥೀನಾಳ ಗುಡಿಯೊಳಗೆ. ಗುಡಿ ಮೈಲಿಗೆಯಾಯಿತೆಂದು ಮುನಿದ ಅಥೀನಾ ಶಿಕ್ಷಿಸಿದ್ದು ಮೆಡೂಸಾಳನ್ನು: ಮುಡಿಯನ್ನು ಹಾವಾಗಿಸಿದಳು. ಪರ್ಸಿಯಸ್ ಚಿತ್ರಕ್ಕೆ ಬರುವುದು ಆಮೇಲೆ, ರಾಜನೊಬ್ಬ ತಲೆ ತಾ ಎಂದು ಅಟ್ಟಿದಾಗ. ಹೀಗಿರಲು ಪಾರ್ಕಿನಲ್ಲಿ ತೂಗುತ್ತಿದ್ದದ್ದು ಒಂದನೆಯ ಆರೋಪಿಯ ತಲೆಯಲ್ಲ, ಎರಡನೆಯವಳದೂ ಅಲ್ಲ, ಕೈಗೆ ಸಿಕ್ಕವನದು. ಇದನ್ನು ದೋಷವೆನ್ನುವವರು ಯಾವುದೇ ಕ್ರಿಮಿನಲ್ ಕೋರ್ಟಿನ ಕಾರಿಡಾರಿನಲ್ಲಿ ಒಂದು ಬೆಳಗ್ಗೆ ಕೂತು ಬರಲಿ. ಇಷ್ಟು ಚೆನ್ನಾಗಿ ಸ್ಥಳಮಹಿಮೆ ಅರಿತ ವಿಗ್ರಹ ಮತ್ತೊಂದಿಲ್ಲ.

ಪೊಸೈಡನ್ನನಿಗೆ ಸಮನ್ಸ್ ಏಕೆ ಜಾರಿಯಾಗಲಿಲ್ಲ ಎಂಬುದಕ್ಕೆ ಪಾರ್ಕಿನ ಹೆಸರೇ ಆಧಾರ. ಅಲ್ಲಿ ನಿಜಕ್ಕೂ ಕೆರೆಯಿತ್ತು. ನಗರ ಕುಡಿಯುತ್ತಿದ್ದ ಸಿಹಿನೀರು. ಚರ್ಮ ಹದಮಾಡುವವರು, ಕಸಾಯಿಖಾನೆಯವರು ಸೇರಿ ಅದನ್ನು ಕೊಳೆಸಿದರು, 1811ರ ಹೊತ್ತಿಗೆ ಮಣ್ಣು ತುಂಬಿ ಮುಚ್ಚಿಯಾಯಿತು. 1838ರಲ್ಲಿ ಅದರ ಮೇಲೆ ‘ಟೂಂಬ್ಸ್’ ಎಂಬ ಜೈಲು ಎದ್ದಿತು, ಎದ್ದದ್ದೇ ಕುಸಿಯತೊಡಗಿತು. ಧರ್ಮಾಂಬುಧಿ ಕೆರೆಯಲ್ಲಿ ಬಸ್ಸು ಹತ್ತಿ, ಸಂಪಂಗಿ ಕೆರೆಯಲ್ಲಿ ಓಟದ ಪಂದ್ಯ ನೋಡುವ ಬೆಂಗಳೂರಿಗರಿಗೆ ಇಲ್ಲಿ ಟಿಪ್ಪಣಿ ಅನಗತ್ಯ. ನೀರಿನ ದೇವರ ಗೊತ್ತಿದ್ದ ಕೊನೆಯ ವಿಳಾಸ ಹೀಗೆ ಇಲ್ಲವಾಯಿತು. ಸಿಹಿನೀರಿನ ಕೆರೆ ಕಡಲ ದೇವರ ವ್ಯಾಪ್ತಿಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಆರೋಪಿಯ ಪರ ವಕೀಲರು ಎತ್ತಿಯೇ ಎತ್ತುತ್ತಾರೆ. ಅದಕ್ಕೆ ಪ್ರತ್ಯೇಕ ಸಂಪುಟವೇ ಬೇಕು. ಅನುದಾನದ ಅರ್ಜಿ ಹಾಕಿದ್ದೇವೆ.