ಮೇಜಿನ ಮೇಲಿನ ಮೊಬೈಲು

(ಪತ್ರಿಕೆಯ ಪುಟ ಕಟ್ಟುವ ಚಿಕ್ಕಪ್ಪ. ಹೊಸ ಮ್ಯಾಕ್ ತಂದುಕೊಟ್ಟ ಸುಮಾ. ಉಪಕಾರ ಮಾಡಿದವರ ಗತಿ ಗೊತ್ತಲ್ಲ.)

ಚಿಕ್ಕಪ್ಪ: ಇಷ್ಟಗಲ ಪರದೆ, ಸೆಟ್ಟಿಂಗ್ಸ್ ತೆಗೆದರೆ ಅಂಗೈಯಗಲದ ಕಿಟಕಿ! ಉದ್ದಕ್ಕೆ ಎಳೆದರೆ ಬರುತ್ತೆ, ಅಗಲಕ್ಕೆ ಜಪ್ಪಯ್ಯ ಅಂದ್ರೂ ಬರಲ್ವಲ್ಲೇ.

ಸುಮಾ: ಮ್ಯಾಕ್‌ನ 2022ರ ವೆಂಚುರಾ ಆವೃತ್ತಿಯಿಂದ ಹಾಗೇ ಚಿಕ್ಕಪ್ಪ. ಐಫೋನಿನ ಥರ ಮಾಡಿದ್ದಾರೆ.

ಚಿಕ್ಕಪ್ಪ: ಫೋನ್ ಜೇಬಲ್ಲಿಡ್ತೀವಿ, ಅದಕ್ಕೆ ಸಣ್ಣದು. ಇದನ್ನ ಯಾವ ಜೇಬಲ್ಲಿಡ್ಲಿ? ಸ್ಕ್ರಾಲ್ ಪಟ್ಟಿ ಎಲ್ಲಿ?

ಸುಮಾ: ಬೆರಳಾಡಿಸಿದರೆ ಕಾಣುತ್ತೆ. 2011ರ ಆವೃತ್ತಿ ಲಯನ್‌ನಲ್ಲೇ ಮರೆಗೆ ಹೋಯ್ತು. ಸ್ಕ್ರಾಲ್ ದಿಕ್ಕೂ ಆಗಲೇ ತಿರುಗಿತು, ಬೆರಳು ಹೋದ ಕಡೆ ಪುಟ.

ಚಿಕ್ಕಪ್ಪ: ವಿಂಡೋಸೇ ವಾಸಿ.

ಸುಮಾ: 2012ರ ವಿಂಡೋಸ್ 8 ಮರೆತ್ರಾ? ಸ್ಟಾರ್ಟ್ ಗುಂಡಿಯನ್ನೇ ಕಿತ್ತು ಪರದೆ ತುಂಬ ಟೈಲ್ಸ್ ಹಾಸಿದ್ರು.

ಚಿಕ್ಕಪ್ಪ: ಮರೆಯೋದುಂಟೇ! ಆಫ್ ಮಾಡೋಕೆ ಮೌಸನ್ನ ಬಲಮೂಲೆಗೆ ಒಯ್ಯಬೇಕು. ಅಲ್ಲೊಂದು ಪಟ್ಟಿ ಇಣುಕುತ್ತೆ. ಅದರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್, ಆಮೇಲೆ ಶಟ್‌ಡೌನ್. ಅಷ್ಟರಲ್ಲಿ ನಮ್ಮೋಣಿಯ ಕರೆಂಟೇ ಹೋಗಿ ಆ ಕೆಲಸ ಮುಗಿಸಿರೋದು.

ಸುಮಾ: ಮರುವರ್ಷ 8.1ರಲ್ಲಿ ಗುಂಡಿ ವಾಪಸ್ ಬಂತಲ್ಲ.

ಚಿಕ್ಕಪ್ಪ: ಬಂತು. ಒತ್ತಿದ್ರೆ ಮತ್ತದೇ ಟೈಲ್ಸ್! ಮೆನು ಬಂದಿದ್ದು 2015ರಲ್ಲಿ, ವಿಂಡೋಸ್ 10 ಜತೆ. ಅದ್ಸರಿ, ಕಂಪ್ಯೂಟರ್ ಹಿಂಗಾದ್ರೆ ನಿನ್ನ ಐಪ್ಯಾಡ್ ಏನಾಗ್ತಿದೆ?

ಸುಮಾ: ಅದಾ... 2025ರಲ್ಲಿ ಅದಕ್ಕೆ ಬೇಕಾದಂತೆ ಎಳೆದಾಡೋ ಕಿಟಕಿಗಳು ಬಂದ್ವು. ಮೇಲೊಂದು ಮೆನು ಪಟ್ಟಿಯೂ ಬಂತು.

ಚಿಕ್ಕಪ್ಪ: ಅಗಲಕ್ಕೂ ಎಳೀಬಹುದಾ?

ಸುಮಾ: ಹ್ಞೂಂ.

ಚಿಕ್ಕಪ್ಪ: ಕೊಡಿಲ್ಲಿ, ಪುಟ ಅದರಲ್ಲೇ ಕಟ್ತೀನಿ. ನೀನು ಇದರಲ್ಲಿ ರೀಲ್ಸ್ ನೋಡ್ಕೋ.