ಬ್ಯಾಕಪ್ಪು ಅದ ಸಾ!

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಬಂಡೀಪುರದ ಕಡೆ ಹೊರಟರೆ ಎರಡೂ ಬದಿಗೆ ಬೋರ್ಡುಗಳೋ ಬೋರ್ಡುಗಳು. ಒಂದೊಂದರಲ್ಲೂ ಒಂದೊಂದು ಹುಲಿ. ಕಾಡಿನಲ್ಲಿ ಕಾಣಿಸದ ಹುಲಿಯೆಲ್ಲ ಈ ಬೋರ್ಡುಗಳಲ್ಲೇ ಸೇರಿಕೊಂಡಿದೆ ಎಂದು ಸಫಾರಿ ಮುಗಿಸಿ ಬಂದವರು ಗೊಣಗುವುದುಂಟು. ಹುಲಿಯ ಕಾಲಡಿಗೆ ಮೊಬೈಲ್ ನಂಬರು, ನಂಬರಿನ ಅಡಿಗೆ ವೆಬ್‌ಸೈಟು. ಇತ್ತ ಚಾಮರಾಜನಗರಕ್ಕೆ ಬಂದರೆ ಕರಿಕಲ್ಲಿನ ವ್ಯಾಪಾರದವರು, ಕೋಚಿಂಗ್ ಸೆಂಟರಿನವರು, ಕಲ್ಯಾಣ ಮಂಟಪದವರು, ಅರಿಸಿನದ ವ್ಯಾಪಾರಿಗಳು ಎಲ್ಲರಿಗೂ ಒಂದೊಂದು ಸೈಟು. ಮೂವತ್ತು ನಲವತ್ತರ ಸೈಟಲ್ಲ ಸ್ವಾಮಿ, ಅದನ್ನಾದರೆ ಬೇಲಿ ಹಾಕಿ ಕಾಯುತ್ತಿದ್ದರು. ಇದು ಕಂಪ್ಯೂಟರಿನೊಳಗಿನ ಸೈಟು.

ನಮ್ಮ ಜನಕ್ಕೆ ನಕಲು ಇಟ್ಟುಕೊಳ್ಳುವುದು ಗೊತ್ತಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ತಾಲ್ಲೂಕು ಕಚೇರಿಗೆ ಹೊರಟವರ ಪ್ಲಾಸ್ಟಿಕ್ ಕವರು ಬಿಚ್ಚಿ ನೋಡಿ. ಪಹಣಿ ಮೂರು ಪ್ರತಿ, ಆಧಾರ್ ಮೂರು ಪ್ರತಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ. ಎಲ್ಲಕ್ಕೂ ಜೆರಾಕ್ಸು, ಜೆರಾಕ್ಸಿಗೂ ಜೆರಾಕ್ಸು. ಒಂದು ಸೆಟ್ಟು ಮನೆಯ ಟ್ರಂಕಿನಲ್ಲಿ, ಇನ್ನೊಂದು ಭಾಮೈದನ ಮನೆಯಲ್ಲಿ. ಇಷ್ಟು ಹುಷಾರಿನ ಜನ ವೆಬ್‌ಸೈಟಿನ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಒಂದು ಮಾತಿಗೆ ತಲೆಯಾಡಿಸಿ ಎದ್ದು ಬಂದುಬಿಡುತ್ತಾರೆ. ಸೈಟು ಮಾಡಿಕೊಟ್ಟ ಹುಡುಗ ಹೇಳುವ ಮಾತು ಅದು: "ಬ್ಯಾಕಪ್ಪು ಅದ ಸಾ, ಯೋಚ್ನ ಮಾಡ್ಬೇಡಿ."

ನಮ್ಮ ಭಾವನೂ ಯೋಚನೆ ಮಾಡಲಿಲ್ಲ. ಅವರದೂ ಒಂದು ಹೋಂಸ್ಟೇ, ಅದಕ್ಕೂ ಒಂದು ಸೈಟು. ಓಣಂ ಹತ್ತಿರ ಬಂದಿತ್ತು. ಚೆಂಡುಹೂವಿನ ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳಲು ಗಡಿಯಾಚೆಯಿಂದ ಕಾರುಗಳು ಸಾಲುಗಟ್ಟುವ ಕಾಲ. ಒಂದು ಬೆಳಗ್ಗೆ ಗೂಗಲ್‌ನಲ್ಲಿ ತಮ್ಮ ಹೋಂಸ್ಟೇ ಹೆಸರು ಹುಡುಕಿದರೆ ಕೆಳಗೆಲ್ಲ ಜಪಾನಿ ಅಕ್ಷರ. ಭಾವ ಎದೆಯುಬ್ಬಿಸಿ ಎಲ್ಲರಿಗೂ ಫೋನ್ ತೋರಿಸಿದರು. "ನೋಡ್ಲಾ, ಜಪಾನ್‌ನೋರ್ಗೂ ಗೊತ್ತಾಗದ ಕನಾ ನಮ್ ಜಾಗ!" ಅಕ್ಕ ಅತಿಥಿಗಳಿಗೆ ರಾಗಿಮುದ್ದೆ ಹಿಡಿಸೀತೋ ಇಲ್ಲವೋ ಎಂದು ಚಿಂತೆಗೆ ಬಿದ್ದಳು. ಯಾರೂ ಬರಲಿಲ್ಲ. ಬಂದದ್ದು, ಈ ಸೈಟು ಹ್ಯಾಕ್ ಆಗಿರಬಹುದು ಎಂಬ ಗೂಗಲ್‌ನ ಎಚ್ಚರಿಕೆ. ಇದೊಂದು ಹಳೆಯ ಕಳ್ಳದಾರಿ: ಪರರ ಸೈಟಿನೊಳಗೆ ನುಗ್ಗಿ ಜಪಾನಿ ಭಾಷೆಯ ಸಾವಿರಾರು ಪುಟ ತುರುಕಿ, ನಕಲಿ ಬ್ರ್ಯಾಂಡಿನ ಸರಕು ಮಾರುವುದು. ನಮ್ಮ ಭಾವ ತಮಗೇ ತಿಳಿಯದೆ ಕೈಚೀಲದ ಅಂಗಡಿ ಇಟ್ಟುಬಿಟ್ಟಿದ್ದರು.

ಹುಡುಗನಿಗೆ ಫೋನು ಹೋಯಿತು. ಅವನೀಗ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ.

"ಬ್ಯಾಕಪ್ಪು ಅದ ಸಾ."

"ಎಲ್ಲದ?"

"ಸೈಟೊಳಗೇ ಅದ ಸಾ."

ಅಲ್ಲಿತ್ತು ನಿಜ. ಸೈಟು ಇದ್ದ ಹೋಸ್ಟಿಂಗ್ ಖಾತೆಯಲ್ಲೇ ಒಂದು ಫೋಲ್ಡರು, ಅದರಲ್ಲಿ ಕೊನೆಯ ಕೆಲವೇ ದಿನಗಳ ಪ್ರತಿ. ಕಳ್ಳ ಒಳಗೆ ಬಂದು ಅದಕ್ಕಿಂತ ಹೆಚ್ಚು ದಿನ ಆಗಿತ್ತು. ಹಾಗಾಗಿ ಬ್ಯಾಕಪ್ ಯಂತ್ರ ತನ್ನ ಕೆಲಸದಲ್ಲಿ ಕಿಂಚಿತ್ತೂ ಲೋಪ ಮಾಡದೆ, ಪ್ರತಿ ರಾತ್ರಿ ತಪ್ಪದೆ, ಜಪಾನಿ ಅಂಗಡಿಯನ್ನು ಅಚ್ಚುಕಟ್ಟಾಗಿ ಜೋಪಾನ ಮಾಡಿತ್ತು. ಒಳ್ಳೆಯ ಕಾಲದ ಪ್ರತಿಗಳನ್ನು ಜಾಗ ಸಾಲದೆಂದು ಅಳಿಸಿಹಾಕಿತ್ತು.

ಕೊನೆಗೆ ಹುಡುಗನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಪುರಾತನ ಪ್ರತಿ ಸಿಕ್ಕಿತು. ಇಳಿಸಿದ. ಸೈಟು ಎದ್ದು ಕೂತಿತು, ಆದರೆ ಕನ್ನಡ ಇದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ. ಫೋನ್ ನಂಬರು ಸರಿ, ರೂಮಿನ ಬಾಡಿಗೆ ಸರಿ, ಭಾವನ ಹೆಸರು, ಊರು, ಸಾಧನೆ ಎಲ್ಲ ಬರೀ ಪ್ರಶ್ನೆ. ಅಕ್ಕ ಇಣುಕಿ ನೋಡಿ, "ಹಿಂಗೇ ಇರ್ಲಿ ಬುಡಿ, ನಿಮ್ ಬಗ್ಗ ನಂಗೂ ಹಿಂಗೇ ಅನ್ಸದು" ಎಂದಳು.

ಇದು ಅಕ್ಕನ ಕುಚೋದ್ಯ ಅಷ್ಟೇ ಅಲ್ಲ, ಕನ್ನಡದಲ್ಲಿ ಸೈಟು ಇಟ್ಟವರ ಖಾಸಾ ಕಷ್ಟ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ 'ಕ'ಕಾರಕ್ಕೇ ಮೂರು ಬೈಟು ಬೇಕು, ಒತ್ತು ದೀರ್ಘ ಸೇರಿದರೆ ಇನ್ನಷ್ಟು. ಡೇಟಾಬೇಸಿನ ಪ್ರತಿ ತೆಗೆಯುವಾಗಲೋ ಮರಳಿ ಇಳಿಸುವಾಗಲೋ ಹಳೆಯ ಲ್ಯಾಟಿನ್ ಸಂಕೇತಕ್ಕೆ ಹೊರಳಿತೆಂದರೆ, ಆ ಯಂತ್ರ ತನಗೆ ತಿಳಿಯದ ಅಕ್ಷರದ ಜಾಗದಲ್ಲಿ ಪ್ರಶ್ನೆ ಹಾಕಿ ಮುಂದೆ ಹೋಗುತ್ತದೆ. ಒಮ್ಮೆ ಪ್ರಶ್ನೆಯಾದದ್ದನ್ನು ಯಾವ ಪಂಡಿತರೂ ಮತ್ತೆ ಕನ್ನಡ ಮಾಡಲಾರರು. ಇಂಗ್ಲಿಷ್ ಸೈಟಿನ ಮೇಲೆ ಪರೀಕ್ಷೆ ಮಾಡಿ "ಸೂಪರ್ ಸಾಫ್ಟ್‌ವೇರು" ಎಂದು ಹೊಗಳಿದ ವಿಡಿಯೊಗಳಲ್ಲಿ ಈ ಸುದ್ದಿಯೇ ಇರುವುದಿಲ್ಲ.

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಶಾಸನಗಳ ಪ್ರತಿ ತೆಗೆಸಿದ ಬಿ.ಎಲ್. ರೈಸ್ ಈ ಭಾಗದಲ್ಲಿ ಬ್ಯಾಕಪ್ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಿದ್ದರು ಎನ್ನಬೇಕು. 1898ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ 4ನೇ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದ ಬೇರೆ. ಕಲ್ಲು ಊರಲ್ಲೇ ನಿಂತಿರಲಿ, ಅದರ ಮೇಲೆ ಯಾರಾದರೂ ಬಟ್ಟೆ ಒಗೆಯಲಿ, ಅಕ್ಷರ ಮಾತ್ರ ಊರೂರಿನ ಗ್ರಂಥಾಲಯ ಸೇರಿತು. ಈಗಿನವರು ಇದನ್ನೇ 3-2-1 ಸೂತ್ರ ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಬೇರೆ ಊರಲ್ಲಿ. ಆ ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು.

'ಬೇರೆ ಊರಲ್ಲಿ' ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮೌಢ್ಯ ಎಷ್ಟು ಬಲವಾಗಿತ್ತೆಂದರೆ, 1997ರಲ್ಲಿ ಜಿಲ್ಲೆ ಹುಟ್ಟಿದಾಗ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಕುರ್ಚಿಯ ಆಫ್‌ಸೈಟ್ ಬ್ಯಾಕಪ್ಪು ಅದು ಎಂದು ಊರವರು ನಗಬಹುದು. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿಯೂ ಬಿಟ್ಟರು. ಮೌಢ್ಯ ಸತ್ತಿತು, ಒಳ್ಳೆಯದಾಯಿತು. ಆದರೆ ದೂರ ಇಡುವ ಆ ಜಾಗರೂಕತೆಯಲ್ಲಿ ನಾಲ್ಕಾಣೆಯಷ್ಟಾದರೂ ವೆಬ್‌ಸೈಟಿಗೆ ಉಳಿಸಿಕೊಳ್ಳಬಹುದಿತ್ತು.

ಏಕೆಂದರೆ ದೊಡ್ಡವರೂ ಇಲ್ಲೇ ಎಡವಿದ್ದಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರು ಹೊತ್ತಿ ಉರಿಯಿತು, ಲಕ್ಷಾಂತರ ಸೈಟು ಮಲಗಿದವು. ಅಲ್ಲಿ ದುಡ್ಡು ಕೊಟ್ಟು ಬ್ಯಾಕಪ್ ಸೇವೆ ಪಡೆದಿದ್ದ ಗ್ರಾಹಕರೊಬ್ಬರು ನೋಡಿದರೆ, ಬ್ಯಾಕಪ್ಪೂ ಅದೇ ಕಟ್ಟಡದಲ್ಲಿ ಬೂದಿಯಾಗಿತ್ತು. ಕೋರ್ಟಿಗೆ ಹೋಗಿ 2023ರಲ್ಲಿ ಪರಿಹಾರದ ಆದೇಶ ತಂದರು. ಹೋದ ಸೈಟು ಮಾತ್ರ ಕೋರ್ಟಿನಿಂದ ಬರಲಿಲ್ಲ.

ಕೊರಿಯಾದವರ ಕಥೆ ಇನ್ನೂ ರುಚಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬೆಂಕಿ ಹುಟ್ಟಿದ್ದು ಯುಪಿಎಸ್‌ನ ಲಿಥಿಯಂ ಬ್ಯಾಟರಿಯಲ್ಲಿ. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ದತ್ತಾಂಶ ಹೋಯಿತು. ಬ್ಯಾಕಪ್ ಎಲ್ಲಿ ಎಂದರೆ, ತುಂಬಾ ದೊಡ್ಡದು, ಹೊರಗೆ ಪ್ರತಿ ಇಡಲು ಆಗಿರಲಿಲ್ಲ ಎಂಬ ಉತ್ತರ. ತಮಾಷೆ ಏನೆಂದರೆ, ಅದೇ ದೇಶದ ಜೋಸನ್ ರಾಜರು ತಮ್ಮ ಆಳ್ವಿಕೆಯ ದಾಖಲೆಗಳನ್ನು ನಾಲ್ಕು ಊರಿನ ನಾಲ್ಕು ಭಂಡಾರಗಳಲ್ಲಿ ಇಡುತ್ತಿದ್ದರು. 1592ರಲ್ಲಿ ಜಪಾನಿನವರು ದಂಡೆತ್ತಿ ಬಂದಾಗ ಮೂರು ಸುಟ್ಟುಹೋದವು, ಜಾಂಜುವಿನದು ಉಳಿಯಿತು. ಆ ಒಂದರಿಂದ ಮತ್ತೆ ಪ್ರತಿ ಮಾಡಿಸಿ ಬೆಟ್ಟಗಳಲ್ಲಿ ಇಟ್ಟರು. ಜಪಾನಿನವರಿಂದ ಬ್ಯಾಕಪ್ ಕಾಪಾಡಿಕೊಳ್ಳುವುದು ಹೇಗೆಂದು ಭಾವ ಯಾರನ್ನಾದರೂ ಕೇಳಬೇಕಿದ್ದರೆ ಆ ರಾಜರನ್ನೇ ಕೇಳಬೇಕಿತ್ತು.

ಈಗ ಆಯ್ಕೆಯ ಮಾತಿಗೆ ಬರೋಣ. ನಮ್ಮಲ್ಲಿ ಮೊದಲು ಕೇಳುವುದು ಬೆಲೆ. ಆಮೇಲೆ "ಫ್ರೀ ಇಲ್ವಾ?" ಫ್ರೀ ಇದೆ. ನಿಮ್ಮ ಸೈಟು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿದ್ದರೆ ಅದಕ್ಕೆ ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ನುಗಳಿವೆ, ಸೈಟಿನ ಪ್ರತಿಯನ್ನು ನಿಮ್ಮ ಗೂಗಲ್ ಡ್ರೈವಿಗೆ ತಾವೇ ಸಾಗಿಸುತ್ತವೆ. ನಿಮ್ಮ ಮನೆಯ ನೆಟ್ ನಿಧಾನವಾದರೂ ಚಿಂತೆಯಿಲ್ಲ, ಸಾಗಣೆ ಸರ್ವರಿನಿಂದ ಸರ್ವರಿಗೆ. ತೊಂದರೆ ಇರುವುದು ನಮ್ಮಲ್ಲೇ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಜಿಮೇಲು, ಫೋಟೊ, ಡ್ರೈವು ಮೂರೂ ಹಂಚಿಕೊಳ್ಳಬೇಕು. ಅಲ್ಲಿ ಈಗಾಗಲೇ ಸೋದರಮಾವನ ಮಗಳ ಮದುವೆ ವಿಡಿಯೊ, ಮಹದೇಶ್ವರನ ಜಾತ್ರೆ, ಮತ್ತು ನಮ್ಮ ಬಳಗದ ಸಕಲ ಶುಭೋದಯಗಳು ಬೀಡುಬಿಟ್ಟಿರುತ್ತವೆ. ತುಂಬಿದ ದಿನ ಬ್ಯಾಕಪ್ಪು ಸದ್ದಿಲ್ಲದೆ ನಿಲ್ಲುತ್ತದೆ. ನಿಂತಿತು ಎಂದು ಪಾಪ ಪ್ಲಗಿನ್ನು ಇಮೇಲ್ ಕಳಿಸುತ್ತದೆ. ಆ ಇಮೇಲ್ ಒಳಗೆ ಬರಲು ಅದೇ ಜಿಮೇಲಿನಲ್ಲಿ ಜಾಗವಿಲ್ಲ! ಆದ್ದರಿಂದ ಬ್ಯಾಕಪ್ಪಿಗೆಂದೇ ಬೇರೆ ಖಾತೆ ತೆರೆಯಿರಿ.

ಹೋಸ್ಟಿಂಗ್ ಕಂಪನಿಯವರು ದಿನವೂ ಪ್ರತಿ ತೆಗೆಯುತ್ತಾರಲ್ಲ ಎನ್ನುವವರಿದ್ದಾರೆ. ತೆಗೆಯುತ್ತಾರೆ. ಅವರ ಷರತ್ತುಗಳನ್ನು ಓದಿ, ಸಾಮಾನ್ಯವಾಗಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಬ್ಯಾಕಪ್ಪಿನ ಅಂತಿಮ ಹೊಣೆ ಗ್ರಾಹಕರದ್ದೇ ಎಂದಿರುತ್ತದೆ. ಅವರದು ಇರಲಿ, ಅದೊಂದನ್ನೇ ನೆಚ್ಚಬೇಡಿ. ಕೆಲವು ಕಡೆ ಪ್ರತಿ ತೆಗೆಯುವುದು ಪುಕ್ಕಟೆ, ಮರಳಿಸಲು ಮಾತ್ರ ದುಡ್ಡು. ದುಡ್ಡು ಕೊಡುವಾಗ "ಎಷ್ಟು ಹಿಂದಿನ ಪ್ರತಿ ಸಿಗುತ್ತೆ?" ಎಂದು ಕೇಳಿ. ಒಂದು ವಾರ ಎಂದರೆ ಸಾಲದು. ಭಾವನ ಕೈಚೀಲದಂಗಡಿ ನೆನಪಿರಲಿ, ಒಂದೆರಡು ತಿಂಗಳಾದರೂ ಬೇಕು. ಫೈಲುಗಳ ಜೊತೆ ಡೇಟಾಬೇಸೂ ಬರುತ್ತದೆಯೇ ನೋಡಿ. ಫೋಟೊ ಇರುವುದು ಫೈಲಿನಲ್ಲಿ, ಬರಹ ಬುಕಿಂಗು ಇರುವುದು ಡೇಟಾಬೇಸಿನಲ್ಲಿ.

ಎಷ್ಟು ಹೊತ್ತಿಗೊಮ್ಮೆ ಎಂಬುದಕ್ಕೆ ನಿಮ್ಮ ವ್ಯಾಪಾರವೇ ಉತ್ತರ. ಕಲ್ಯಾಣ ಮಂಟಪದ ಸೈಟಿನಲ್ಲಿ ವರ್ಷಕ್ಕೊಮ್ಮೆ ಬಾಡಿಗೆ ಬದಲಾದರೆ ಹೆಚ್ಚು, ಅದಕ್ಕೆ ತಿಂಗಳಿಗೊಂದು ಸಾಕು. ದಸರೆಯಲ್ಲಿ ಬುಕಿಂಗ್ ಸುರಿಯುವ ಹೋಂಸ್ಟೇಗೆ ದಿನವೂ ಬೇಕು. ಬಂಡೀಪುರದ ರಸ್ತೆಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಬೀಳುತ್ತದೆ, ಹ್ಯಾಕರುಗಳ ರಸ್ತೆಗೆ ಅಂಥ ಗೇಟಿಲ್ಲ. ಇನ್ನೊಂದು ಮಾತು: ಅತಿಥಿಗಳ ಆಧಾರ್ ಫೋಟೊಗಳು ಸೈಟಿನ ಫೋಲ್ಡರಿನಲ್ಲಿದ್ದರೆ ಅವು ಬ್ಯಾಕಪ್ಪಿನಲ್ಲೂ ಇರುತ್ತವೆ. ಬ್ಯಾಕಪ್ ತುಂಬಿಕೊಂಡ ಪೆನ್‌ಡ್ರೈವನ್ನು ಟಿವಿ ಮೇಲಿಟ್ಟು ಮರೆಯಬೇಡಿ. 2023ರಲ್ಲಿ ವೈಯಕ್ತಿಕ ದತ್ತಾಂಶಕ್ಕೆಂದೇ ಕಾಯ್ದೆ ಬಂದಿದೆ.

ಇಷ್ಟೆಲ್ಲ ಆದರೂ ಬ್ಯಾಕಪ್ಪು ನಿಜಕ್ಕೂ ಇದೆ ಎಂದು ನಾನು ಒಪ್ಪುವುದಿಲ್ಲ. ಗಿಟ್‌ಲ್ಯಾಬ್ ಎಂಬ, ಪ್ರಪಂಚದ ಸಾಫ್ಟ್‌ವೇರಿನವರೇ ತಮ್ಮ ಕೆಲಸ ಇಡುವ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ ಒಬ್ಬ ಇಂಜಿನಿಯರು ಅಳಿಸಬೇಕಾದ ಕಂಪ್ಯೂಟರು ಬಿಟ್ಟು ಅಸಲಿ ಡೇಟಾಬೇಸನ್ನೇ ಅಳಿಸಿದರು. ಹೆದರಿಕೆಯಿಲ್ಲ, ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ಬಿಚ್ಚಿ ನೋಡಿದರೆ ಐದರಲ್ಲಿ ಒಂದೂ ನೆಟ್ಟಗಿರಲಿಲ್ಲ. ಕೆಟ್ಟಿದೆ ಎಂದು ತಿಳಿಸಬೇಕಿದ್ದ ಇಮೇಲುಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಮಾನ ಉಳಿಸಿತು. ಅವರ ಒಂದು ಗುಣ ಮೆಚ್ಚಬೇಕು: ಮುಚ್ಚಿಡದೆ, ರಿಪೇರಿಯನ್ನೇ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು.

ಹಾಗಾಗಿ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಆ ಪ್ರತಿಯಿಂದ ಸೈಟನ್ನು ಯಾರಾದರೂ ಒಮ್ಮೆ ಎಬ್ಬಿಸಿ ನೋಡಿದ್ದಾರೆಯೇ? ಬೇರೊಂದು ಖಾಲಿ ಜಾಗದಲ್ಲಿ ಇಳಿಸಿ, ಕನ್ನಡ ಕನ್ನಡವಾಗಿಯೇ ಬಂತೇ, ಫೋಟೊ ಬಂತೇ, ಬುಕಿಂಗ್ ಬಂತೇ ಎಂದು? ಹಾಗೆ ಮಾಡಿ ತೋರಿಸಿದ ಪುಕ್ಕಟೆ ಪ್ಲಗಿನ್ನು, ತೋರಿಸದ ದುಬಾರಿ ಸೇವೆಗಿಂತ ಮೇಲು ಎನ್ನುವುದು ನನ್ನ ತೀರ್ಪು. ಜೊತೆಗೆ ಹೋಸ್ಟಿಂಗು, ಡೊಮೇನು, ಡ್ರೈವು ಮೂರರ ಪಾಸ್‌ವರ್ಡೂ ನಿಮ್ಮ ಕೈಯಲ್ಲಿರಲಿ, ಒಟಿಪಿ ನಿಮ್ಮ ಫೋನಿಗೇ ಬರಲಿ. ಹುಡುಗ ಊರು ಬಿಟ್ಟರೆ ಒಟಿಪಿಯೂ ಅವನ ಜೊತೆಗೇ ಬೆಂಗಳೂರಿನ ಬಸ್ಸು ಹತ್ತುತ್ತದೆ.

ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಎಂದು ಆಚರಿಸುತ್ತಾರೆ. ಯಾರು ಗೊತ್ತುಮಾಡಿದರೋ ಅವರಿಗೆ ನಮ್ಮ ಖಜಾನೆ, ಬ್ಯಾಂಕುಗಳ ವರ್ಷಾಂತ್ಯದ ಗಲಾಟೆ ಗೊತ್ತಿರಲಿಲ್ಲ. ನೀವು ಅಲ್ಲಿಯ ತನಕ ಕಾಯಬೇಡಿ. ಇವತ್ತು ಸಂಜೆಯೇ ಆ ಹುಡುಗನಿಗೊಂದು ಫೋನ್ ಮಾಡಿ, "ಸೈಟನ್ನ ಬೇರೆ ಕಡೆ ಒಂದು ಸಲ ಎಬ್ಬಿಸಿ ತೋರ್ಸಪ್ಪ" ಎನ್ನಿ. ತೋರಿಸಿದರೆ ಅವನಿಗೆ ಕಾಫಿ ಕೊಡಿಸಿ. ಫೋನನ್ನೇ ಎತ್ತದಿದ್ದರೆ, ನಾಳೆ ಬೆಳಗ್ಗೆ ಬೇರೆ ಹುಡುಗನನ್ನು ಹುಡುಕಿ.