ಮೊದಲ ಮಣ್ಣು ಹದಾ ಮಾಡೂದು ಕಲೀಲಿ

ತಂಗೀ, ನಿನ್ನ ಮಗಾ ಕರಾಟೆ ಕ್ಲಾಸಿಗೆ ಹೋಗತೇನಿ ಅಂತ ಹಟಾ ಹಿಡದಾನಂತ, ಖರೇನು? ಕಳಸವಾ, ಬ್ಯಾಡ ಅನಬ್ಯಾಡ. ಆದರ ಬಿಳಿ ಅಂಗಿ ಹೊಲಸೂಕಿಂತ ಮೊದಲ ಊರಾಗಿನ ಗರಡಿಮನಿ ಬಾಗಿಲಾ ಒಮ್ಮೆ ತೋರಸು. ಹನುಮಪ್ಪನ ಗುಡಿ ಹಿಂದ ಐತೆಲ್ಲ, ಅದಾ.

"ಅಯ್ಯ ಅಣ್ಣಾರ, ಅಂವಾ ಕಡ್ಡಿ ಪೈಲ್ವಾನ! ಕುಸ್ತಿಗೆ ಮೈಕಟ್ಟು ಬೇಕಲ್ರಿ?"

ಎಲ್ಲಾರೂ ಹಿಂಗಾ ಅಂತಾರ. ಹಿಂಗ ಅಂದಾ ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಗರಡಿಮನಿ ಖಾಲಿ ಬಿದ್ದಾವು. ಮೈ ಕಟ್ಟಿಕೊಂಡು ಬಂದವರಿಗೆ ಗರಡಿ ಯಾಕ ಬೇಕವಾ? ಹೊಸಾ ಹುಡುಗ ಬಂದ ದಿನಾ ಅವಂಗ ಯಾರೂ ಕುಸ್ತಿ ಹಿಡಸಂಗಿಲ್ಲ. ವಸ್ತಾದರು ಕೈಯಾಗ ಗುದ್ದಲಿ ಕೊಡತಾರ. ಮಣ್ಣು ಕಡಿ, ಕೆದರು, ಸಮಾ ಮಾಡು ಅಂತಾರ. ಮನ್ಯಾಗಿನವರು ಇದನ್ನ ಕೂಲಿ ಕೆಲಸಾ ಅಂತ ತಿಳೀತಾರ. ಆದರ ಹೆಗಲು, ಬೆನ್ನು, ಮುಂಗೈ ಮೂರೂ ಒಮ್ಮೆಗೇ ಗಟ್ಟಿ ಆಗೂದು ಇದರಾಗಾ. ಮ್ಯಾಲ ಬಿದ್ದರ ಪೆಟ್ಟು ಆಗದಂಗ ಮಣ್ಣು ಮೆತ್ತಗ ಇಡೂದು ತನ್ನ ಕೈಯಾಗ, ತನ್ನ ಗೆಳೆಯಾರ ಕೈಯಾಗ ಐತಿ ಅನ್ನೂದು ಹುಡುಗಗ ತಿಳೀತೈತಿ.

ಮಣ್ಣೂ ಎಂತೆಂಥಾದ್ದೋ ನಡಿಯಂಗಿಲ್ಲ. ನಮ್ಮ ಎರಿ ಮಣ್ಣು ಹಸಿ ಇದ್ದರ ಮೈಗೆ ಅಂಟತೈತಿ, ಒಣಗಿದರ ಹೆಂಟಿ ಆಗತೈತಿ. ಅದಕ್ಕ ಕೆಮ್ಮಣ್ಣು ತರಸಬೇಕು. ಜರಡಿ ಹಿಡದು, ಹಳ್ಳ ಆರಿಸಿ, ಅರಿಷಿಣ, ಮಜ್ಜಿಗಿ, ನಿಂಬಿಹಣ್ಣಿನ ರಸಾ, ಎಣ್ಣಿ ಹಾಕಿ ಹದಾ ಮಾಡತಾರ. ಆ ವಾಸನಿ ಒಮ್ಮೆ ಮೂಗಿಗೆ ಹತ್ತಿದರ ಸಾಯೂತನಕ ಬಿಡಂಗಿಲ್ಲ ನೋಡು.

ಆಮ್ಯಾಲ ದಂಡ, ಬಸ್ಕಿ. ಅವಾದ ಮ್ಯಾಲ ಬೀಳೂದು ಕಲಸತಾರ. ನನ್ನ ಕೇಳಿದರ ಇದಾ ಎಲ್ಲಾದಕ್ಕಿಂತ ದೊಡ್ಡ ವಿದ್ಯಾ. ಗದ್ದಾ ಎದಿಗೆ ಹಚ್ಚಿ ಬೀಳಬೇಕು, ತಲಿ ಹಿಂದಕ್ಕ ಬಡೀಬಾರದು. ಬೀಳುವಾಗ ಗಾಬರ್‍ಯಾಗಿ ಕೈ ಊರಬಾರದು. ಊರಿದರ ಮಣಿಕಟ್ಟು, ಮೊಣಕೈ ಉಳಕತಾವು. ಇದನ್ನ ಕಲತ ಹುಡುಗ ನಾಳೆ ಸೈಕಲ್ ಮ್ಯಾಲಿಂದ ಬಿದ್ದರೂ, ಬಣವಿ ಮ್ಯಾಲಿಂದ ಜಾರಿದರೂ ತನ್ನ ತಲಿ ತಾನು ಕಾಯ್ಕೋತಾನ. ಕರಾಟೆಗೆ ಹೋದರೂ, ಜೂಡೋಕ್ಕ ಹೋದರೂ ಇದು ಅವನ ಸಂಗಾಟನಾ ಹೋಗತೈತಿ.

"ಬದಾಮಿ, ತುಪ್ಪಾ, ಲೀಟರ್‌ಗಟ್ಟಲೆ ಹಾಲು... ನಾವೆಲ್ಲಿಂದ ತರೂಣ್ರಿ?"

ಬ್ಯಾಡವಾ! ಆ ಖುರಾಕು ದಿನಾ ಎರಡೂ ಹೊತ್ತು ಬೆವರು ಸುರಿಸೋ ದೊಡ್ಡ ಪೈಲ್ವಾನರಿಗೆ. ನಿನ್ನ ಮಗಗ ಜ್ವಾಳದ ರೊಟ್ಟಿ, ಹೆಸರಕಾಳಿನ ಪಲ್ಯಾ, ಶೇಂಗಾ ಹಿಂಡಿ, ಮ್ಯಾಲ ಮಸರು ಸಾಕು. ರಾತ್ರಿ ಮೊಬೈಲ್ ಕಸಗೊಂಡು ಲಗೂನ ಮಲಗಸು, ಅದೂ ಖುರಾಕನಾ.

ಈ ಕುಸ್ತಿ ಇವತ್ತಿನ ಹುಚ್ಚಲ್ಲ ತಂಗೀ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಬರೆದ 'ಮಾನಸೋಲ್ಲಾಸ'ದಾಗ ಮಲ್ಲವಿನೋದ ಅಂತನಾ ಒಂದು ಭಾಗ ಐತಿ. ಮಲ್ಲರನ್ನ ಹೆಂಗ ವಿಂಗಡಿಸಬೇಕು, ಏನು ಉಣಸಬೇಕು, ಹೆಂಗ ಸಾಮು ಮಾಡಸಬೇಕು ಎಲ್ಲಾ ಬರದಾನ. ಅದಾ ಮನೆತನದ ನಾಲ್ಕನೇ ಸೋಮೇಶ್ವರ ಕಡಿಗಾಲಕ್ಕ ಆಳಿದ್ದು ನಮ್ಮ ಅಣ್ಣಿಗೇರಿಯಿಂದ.

ಆದರ ಮಣ್ಣಿನಾಗಾ ಉಳೀಬೇಕು ಅಂತ ನಾ ಅನ್ನಂಗಿಲ್ಲ. ಸಾತಾರಾ ಜಿಲ್ಲಾದ ಖಾಶಾಬಾ ಜಾಧವರು ಮಣ್ಣಿನಾಗ ಬೆಳೆದವರು. 1948ರಾಗ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮ್ಯಾಟ್ ಅವರಿಗೆ ಹೊಸಾದು, ಆರನೇವರಾದರು. ನಾಲ್ಕು ವರ್ಷಕ್ಕ ಹೆಲ್ಸಿಂಕಿಯೊಳಗ ಕಂಚು ತಂದರು. ಸ್ವತಂತ್ರ ಭಾರತಕ್ಕ ಒಬ್ಬರಾ ಗೆದ್ದ ಮೊದಲನೇ ಒಲಿಂಪಿಕ್ ಪದಕ ಅದು. ಜಾತ್ರಿ ನಿಕಾಲಿ ಕುಸ್ತ್ಯಾಗ ಚಿತ್ ಆಗೂತನಕ ಹಿಡೀತಾರ. ಮ್ಯಾಟ್ ಮ್ಯಾಲ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟ್ ಲೆಕ್ಕ. ಎರಡಕ್ಕೂ ಮೈ ಒಗ್ಗಬೇಕು. ಹುಡುಗ ಒಂದು ವರ್ಷ ನಿಂತರ ದಾವಣಗೆರಿ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕಳಸೂದು ನೋಡೂಣು.

ಇನ್ನ ನಿನ್ನ ಮಗಳ ಮಾತು. ಬಾಳ ಗರಡಿಮನ್ಯಾಗ ಹೆಣ್ಣುಮಕ್ಕಳನ್ನ ಒಳಗ ಬಿಡಂಗಿಲ್ಲ. ಇದು ತಪ್ಪು, ನಾ ಹಿರ್‍ಯಾರ ಮುಂದೂ ಹೇಳೇನಿ. ಕಲಘಟಗಿ ದಾಟಿದರ ಹಳಿಯಾಳ. ಅಲ್ಲೆ ಸಿದ್ದಿ ಸಮಾಜದ ಹುಡಿಗ್ಯಾರು ಕುಸ್ತಿ ಹಿಡೀತಾರ. ಬೆಳಗಾವಿ ಹತ್ಯಾಕ ತುರಮುರಿ ಅಂತ ಊರೈತಿ. ಆ ಊರಿನ ರೈತರ ಮಗಳು ಮಲಪ್ರಭಾ ಜಾಧವ ಜೂಡೋ ಕಲತು, 2018ರ ಏಷ್ಯನ್ ಗೇಮ್ಸಿನಾಗ ಕುರಾಶ್ ಅನ್ನೋ ಕುಸ್ತಿಯೊಳಗ ಕಂಚು ಗೆದ್ದಳು. ನಮ್ಮಂಥಾದ್ದಾ ಹೊಲಾ, ನಮ್ಮಂಥಾದ್ದಾ ಮನಿ. ಆಕಿಗೆ ಆದದ್ದು ನಮ್ಮ ಹುಡಿಗ್ಯಾರಿಗೆ ಯಾಕ ಆಗಬಾರದು? ನಿನ್ನ ಮಗಳ ಸಾಲಿಯೊಳಗ ಆತ್ಮರಕ್ಷಣಾ ತರಬೇತಿ ನಡಿಯೂದಿದ್ದರ ಆಕಿ ಹೆಸರು ಮೊದಲ ಬರಸು.

ಕಳಸೂಕಿಂತ ಮೊದಲ ಒಂದೀಟು ನೋಡಿಕೊ. ಉಗುರು ಸಣ್ಣಗ ಕತ್ತರಸು. ಕೊರಳಾಗಿನ ತಾಯತ, ಕಿವ್ಯಾಗಿನ ಮುರುವು ತಗದಿಡು. ಮೈಮ್ಯಾಲ ಹುಳಕಡ್ಡಿ, ಗಾಯಾ ಏನರ ಇದ್ದರ ಮಾಯೂತನಕ ಬ್ಯಾಡ, ಒಬ್ಬರದು ಇನ್ನೊಬ್ಬರಿಗೆ ಹತ್ತತೈತಿ. ನೀನಾ ಹೋಗಿ ವಸ್ತಾದರನ್ನ ಕೇಳು: ಸಣ್ಣ ಹುಡುಗರನ್ನ ಯಾರ ಜೋಡಿ ಬಿಡತೀರಿ, ಹುಡುಗ ಸಾಕು ಅಂದರ ಬಿಡಸತೀರೋ ಇಲ್ಲೋ? ಇದಕ್ಕ ಸಿಟ್ಟಿಗೇಳೋ ವಸ್ತಾದ ಬ್ಯಾಡಾ ಬ್ಯಾಡ. ತಾಳ್ಮಿಯಿಂದ ಹೇಳಿದರ ಅವರ ಕೈಯಾಗ ಕಣ್ಣು ಮುಚ್ಚಿ ಮಗನ್ನ ಒಪ್ಪಸು.

ನಾಳೆ ಮುಂಜಾನೆ ಐದೂವರಿಗೆ ಎಬ್ಬಿಸಿ ಬೇಲಿ ಹತ್ಯಾಕ ನಿಂದರಸು, ನಾ ಕರಕೊಂಡು ಹೋಗತೇನಿ. ಬರೇ ಹೊಟ್ಟಿಲೆ ಕಳಸಬ್ಯಾಡ, ಒಂದು ಬಾಳಿಹಣ್ಣರ ತಿನಸು.